ಸತ್ತ ಸುಗ್ರೀವನ ಪಟ್ಟಾಭಿಷೇಕ

ದೊಡ್ಡಬಳ್ಳಾಪುರದ ಅಪ್ಪಯ್ಯಣ್ಣನವರಿಗೆ ತಿಳಿಯದ ವಿಷಯಗಳು ಲೋಕದಲ್ಲಿ ಬೇಕಾದಷ್ಟಿದ್ದವು. ಆದರೆ ತಿಳಿಯದು ಎಂದು ಅವರು ಒಪ್ಪಿಕೊಂಡ ವಿಷಯ ಒಂದೂ ಇರಲಿಲ್ಲ. ಸೀರೆಯ ಸಗಟು ವ್ಯಾಪಾರಿ ದೇವೇಂದ್ರ, ತನಗೆ ಸೀರೆ ನೇಯ್ದುಕೊಡುವ ಮಗ್ಗದವರನ್ನೆಲ್ಲ ಈ ವರ್ಷ ಬಾಲಿ ದ್ವೀಪಕ್ಕೆ ಪ್ರವಾಸ ಕರೆದೊಯ್ಯುತ್ತಾನೆಂಬ ಸುದ್ದಿ ಬಂದ ದಿನವೇ, ಅವರು ಬೀದಿಯ ಟೀ ಅಂಗಡಿಯಲ್ಲಿ ನಿಂತು ಆ ದೇಶದ ಚರಿತ್ರೆಯನ್ನು ಹೇಳಿ ಮುಗಿಸಿದರು.

"ಬಾಲಿ ಅಂದ್ರೆ ಯಾವ್ದು ಅನ್ಕೊಂಡ್ರಿ? ನಮ್ಮ ವಾಲಿ ರಾಜ್ಯ ಕಣ್ರಯ್ಯಾ. ರಾಮಾಯಣದ ವಾಲಿ. ವ ಹೋಗಿ ಬ ಆಗಿದೆ, ಅಷ್ಟೇ. ನೂಲಿನ ಸೇಟು ವಸಂತನ್ನ ಬಸಂತ್ ಅನ್ನಲ್ವಾ, ಹಂಗೆ."

"ಕಿಷ್ಕಿಂಧೆ ಹಂಪೆ ಹತ್ರ ಅಂತಾರಲ್ಲ ಅಪ್ಪಯ್ಯಣ್ಣ?" ಎಂದ ಟೀ ಅಂಗಡಿಯವನು.

"ಅದು ಹೆಡ್ ಆಫೀಸು. ಇದು ಬ್ರಾಂಚು."

ಬೀದಿಯೇ ಒಪ್ಪಿಕೊಂಡಿತು. ಒಪ್ಪದವರು ಅವರ ಹೆಂಡತಿ ಮುನಿತಾಯಮ್ಮ ಒಬ್ಬರೇ. ಸುದ್ದಿ ಅಡುಗೆಮನೆ ತಲುಪುವ ಹೊತ್ತಿಗೆ ಅವರು ಸೌಟು ಹಿಡಿದೇ ಹೊರಗೆ ಬಂದರು.

"ರೀ, ನಿಮ್ಮ ಕೈ ಮುಗೀತೀನಿ, ವಾಲಿ ಹೆಸರು ಎತ್ತಬೇಡಿ. ನನ್ನ ತಮ್ಮನೂ ಬರ್ತಿದ್ದಾನೆ ಟೂರಿಗೆ."

ಅಪ್ಪಯ್ಯಣ್ಣನವರ ಕೈಯ ಲೋಟದಿಂದ ಟೀ ತುಳುಕಿತು. ಆ ಮನೆಯಲ್ಲಿ ಆರು ವರ್ಷಗಳಿಂದ ವಾಲಿ, ಸುಗ್ರೀವ, ಸೇಬು ಎಂಬ ಮೂರು ಮಾತುಗಳನ್ನು ಯಾರೂ ಆಡುವಂತಿರಲಿಲ್ಲ.

ಕಾರಣ ಇಷ್ಟು. ಮುನಿತಾಯಮ್ಮನವರ ತವರು ದೇವನಹಳ್ಳಿ ಕಡೆಯ ಕುಂದಾಣ. ತಮ್ಮ ಚಿಕ್ಕವೆಂಕಟಪ್ಪ ಅಲ್ಲಿ ಹೂವು ಬೆಳೆಯುತ್ತಾನೆ. ಆರು ವರ್ಷದ ಕೆಳಗೆ ಊರಿನವರು ರಾಮಾಯಣ ನಾಟಕ ಆಡಿದಾಗ ಅವನಿಗೆ ಸುಗ್ರೀವನ ಪಾತ್ರ ಬಂತು. ಮೂರು ತಿಂಗಳು ಚೆಂಡುಹೂವಿನ ಸಾಲುಗಳಿಗೆ ನೀರು ಹಾಯಿಸುತ್ತ ಹಾಡು ಕಲಿತ. ಸುಗ್ರೀವನ ಹಾಡುಗಳೆಲ್ಲ ಇದ್ದದ್ದು ಕೊನೆಯಲ್ಲಿ, ವಾಲಿ ಸತ್ತ ಮೇಲಿನ ಪಟ್ಟಾಭಿಷೇಕದಲ್ಲಿ.

ಈ ಕಡೆಯ ನಾಟಕಗಳಲ್ಲಿ ಒಂದು ಪದ್ಧತಿಯಿದೆ. ಪಾತ್ರಧಾರಿಯ ನೆಂಟರು ಆಟದ ನಡುವೆಯೇ ವೇದಿಕೆ ಹತ್ತಿ ಅವನಿಗೆ ಹಾರ ಹಾಕಿ ಸನ್ಮಾನಿಸಬೇಕು. ದುಶ್ಶಾಸನ ಸೀರೆ ಸೆಳೆಯುತ್ತಿದ್ದರೆ ಅಷ್ಟು ಹೊತ್ತು ಸೆರಗು ಹಿಡಿದುಕೊಂಡೇ ನಿಂತಿರಬೇಕು. ಹೀಗಿರುವಾಗ ಭಾವ ಎನ್ನಿಸಿಕೊಂಡವರು ಸುಮ್ಮನೆ ಕೂರುವುದುಂಟೆ? ಅಪ್ಪಯ್ಯಣ್ಣ ಸೇಬಿನ ಹಾರವನ್ನೇ ಮಾಡಿಸಿಕೊಂಡು, ವಾಲಿ ಸುಗ್ರೀವರ ಯುದ್ಧ ಕಾವೇರಿದ ಹೊತ್ತಿಗೆ ಸರಿಯಾಗಿ ವೇದಿಕೆ ಹತ್ತಿದರು.

ಆ ಅಣ್ಣತಮ್ಮಂದಿರು ಒಂದೇ ಅಚ್ಚಿನಂತಿದ್ದುದರಿಂದ ಸಾಕ್ಷಾತ್ ಶ್ರೀರಾಮನಿಗೇ ಗುರುತು ಸಿಗಲಿಲ್ಲ; ಸುಗ್ರೀವನ ಕೊರಳಿಗೊಂದು ಹಾರ ಹಾಕಿಸಿ, ಹಾರವಿಲ್ಲದವನಿಗೆ ಬಾಣ ಬಿಟ್ಟ ಎಂಬುದು ಕಥೆ. ಶ್ರೀರಾಮನಿಗೆ ಸಿಗದ ಗುರುತು ಅಪ್ಪಯ್ಯಣ್ಣನವರಿಗೆ ಸಿಕ್ಕೀತೆ? ಅವರು ಸೇಬಿನ ಹಾರವನ್ನು ವಾಲಿಗೆ ಹಾಕಿ, ಫೋಟೋ ತೆಗೆಸಿಕೊಂಡು, ತೃಪ್ತಿಯಿಂದ ಕೆಳಗಿಳಿದರು.

ಆಮೇಲೆ ಕಥೆಯಂತೆ ಸುಗ್ರೀವನಿಗೆ ಗುರುತಿನ ಹಾರ ಬಂತು. ಈಗ ಸುಗ್ರೀವನ ಕೊರಳಲ್ಲಿ ಚೆಂಡುಹೂವಿನ ಹಾರ, ವಾಲಿಯ ಕೊರಳಲ್ಲಿ ಸೇಬಿನ ಹಾರ. ರಾಮನ ಪಾತ್ರ ಮಾಡಿದ್ದ ಪಂಚಾಯಿತಿ ವಾಟರ್‌ಮನ್ ಬಿಲ್ಲೆತ್ತಿ, ಹಾರ್ಮೋನಿಯಂ ಮೇಷ್ಟ್ರ ಮುಖ ನೋಡಿದ. ಮೇಷ್ಟ್ರು ಸೇಬುಗಳನ್ನು ನೋಡುತ್ತಿದ್ದರು. ದೊಡ್ಡ ಹಾರವೇ ನಿಜವಾದ ಹಾರ ಎಂದು ರಾಮ ತನ್ನಷ್ಟಕ್ಕೆ ತೀರ್ಮಾನಿಸಿ, ಚೆಂಡುಹೂವಿನವನಿಗೆ ಬಾಣ ಬಿಟ್ಟ. ಬಾಣ ಎದೆಗೆ ತಗುಲಿದ ಮೇಲೂ ನಿಂತಿರುವುದು ರಾಮಬಾಣಕ್ಕೆ ಅಗೌರವವೆಂದು ದೈವಭಕ್ತನಾದ ಚಿಕ್ಕವೆಂಕಟಪ್ಪ ಬಿದ್ದುಬಿಟ್ಟ. ಬಿದ್ದ ಮೇಲೆ ಏಳುವಂತಿಲ್ಲ. ಕಿಷ್ಕಿಂಧೆಯ ಕಿರೀಟ ಬೇರೆ ದಾರಿಯಿಲ್ಲದೆ ವಾಲಿಗೇ ಆಯಿತು. ಸುಗ್ರೀವ ಪರದೆಯ ಬುಡದಲ್ಲಿ ಹೆಣವಾಗಿ ಮಲಗಿ, ಒಂದು ಕಣ್ಣು ತೆರೆದು ಅದನ್ನು ನೋಡಿದ.

ಮರುದಿನದಿಂದ ಅವನು 'ಸತ್ತ ಸುಗ್ರೀವ'. ಹೂವಿನ ಮಂಡಿಯಲ್ಲಿ ಅವನ ಮೂಟೆಗಳ ಮೇಲೆ 'ಸ.ಸು.' ಎಂದು ಗುರುತು ಹಾಕುವಲ್ಲಿಗೆ ಹೋಯಿತು. ಅಪ್ಪಯ್ಯಣ್ಣ ಕ್ಷಮೆ ಕೇಳಲು ಹೋಗಲಿಲ್ಲವೆಂದಲ್ಲ, ಹೋದರು. ಬರಿಗೈಯಲ್ಲಿ ಹೋಗಬಾರದೆಂದು ದಾರಿಯಲ್ಲಿ ಹಣ್ಣು ಕೊಂಡುಕೊಂಡು ಹೋದರು. ಸೇಬು. ಅಂದು ಮುಚ್ಚಿದ ಬಾಗಿಲು ಮತ್ತೆ ತೆರೆಯಲಿಲ್ಲ.

ಈಗ ಮಗಳು ಅರ್ಪಿತಳ ಮದುವೆ ಗೊತ್ತಾಗಿತ್ತು. ಹುಡುಗಿಯನ್ನು ಕೈಹಿಡಿದು ಕರೆತಂದು ಹಸೆಮಣೆಯ ಮೇಲೆ ಕೂರಿಸಬೇಕಾದವನು ಸೋದರಮಾವ. ಸೋದರಮಾವ "ಅವರು ನಿಂತ ಕಡೆ ನಾನು ನಿಲ್ಲಲ್ಲ" ಎಂದು ಹೇಳಿ ಕಳಿಸಿದ್ದ. ಅರ್ಪಿತ, "ವೆಂಕಟಪ್ಪ ಮಾವ ಬರದೆ ನಾನು ಹಸೆಗೆ ಬರಲ್ಲ. ಅಪ್ಪ ಕೆಡಿಸಿದ್ದು, ಅಪ್ಪನೇ ಸರಿಮಾಡ್ಲಿ" ಎಂದು ಕೋಣೆಗೆ ಹೋಗಿ ಕೂತಿದ್ದಳು. ಅದಕ್ಕೇ ಮುನಿತಾಯಮ್ಮ ದೇವೇಂದ್ರನಿಗೆ ಹೇಳಿ ತಮ್ಮನನ್ನೂ ಪ್ರವಾಸಕ್ಕೆ ಸೇರಿಸಿದ್ದು. ತಮ್ಮ ಒಪ್ಪಿದ್ದು ಬೇರೆ ಕಾರಣಕ್ಕೆ. ವಿಮಾನ ನಿಲ್ದಾಣ ಬಂದಾಗಿನಿಂದ ಅವನು ತೋಟದಲ್ಲಿ ನಿಂತು ವಿಮಾನಗಳ ಹೊಟ್ಟೆಯನ್ನೇ ನೋಡಿದ್ದ. ಒಮ್ಮೆ ಅದರ ಕಿಟಕಿಯಿಂದ ತನ್ನ ತೋಟ ನೋಡಬೇಕೆಂಬುದು ಅವನ ಆಸೆ.

ವಿಮಾನದಲ್ಲಿ ಮುನಿತಾಯಮ್ಮ ನಡುವೆ ಕೂತರು. ಕಿಟಕಿಯ ಸೀಟು ಅಪ್ಪಯ್ಯಣ್ಣನವರದು.

"ಅಕ್ಕಾ, ಆ ಕಿಟಕಿ ಯಾರ್ದು ಕೇಳು," ಎಂದ ಚಿಕ್ಕವೆಂಕಟಪ್ಪ, ಮುಂದಿನ ಸೀಟಿನ ಬೆನ್ನು ನೋಡುತ್ತ.

"ನಿನ್ನ ತಮ್ಮಂದೇ ಅನ್ನು, ಬಂದು ಕೂತ್ಕೊಳ್ಳೋಕೆ ಹೇಳು," ಎಂದು ಅಪ್ಪಯ್ಯಣ್ಣ ಎದ್ದೇಬಿಟ್ಟರು.

ಇದು ಒಳ್ಳೆಯ ಆರಂಭವೆಂದು ಮುನಿತಾಯಮ್ಮ ಮನಸ್ಸಿನಲ್ಲೇ ಊರದೇವರಿಗೆ ಕೈಮುಗಿದರು. ವಿಮಾನ ಏರಿತು. ಆಚೆ ಬದಿಯ ಕಿಟಕಿಯಿಂದ ದೇವೇಂದ್ರ ಕೂಗಿದ: "ಏ ವೆಂಕಟಪ್ಪಾ! ನಿನ್ನ ತೋಟ ಏನ್ ಚಂದ ಕಾಣ್ತೋ ಮಾರಾಯ! ಹಳದಿ ರತ್ನಗಂಬಳಿ!"

ಚಿಕ್ಕವೆಂಕಟಪ್ಪ ತನ್ನ ಕಿಟಕಿಯಲ್ಲಿ ನೋಡಿದ. ನಂದಿಬೆಟ್ಟ ಕಾಣುತ್ತಿತ್ತು.

"ಅಕ್ಕಾ, ಬೇಕೂಂತ್ಲೇ ಈ ಕಡೆ ಕೂರಿಸಿದ್ರು ಅಂತ ಹೇಳು."

ಬಾಲಿಯಲ್ಲಿ ಮೂರು ದಿನ ಹೀಗೆಯೇ ಕಳೆಯಿತು. ಸಮುದ್ರ ನೋಡಿದರು, ಗದ್ದೆ ನೋಡಿದರು. ಹೋಟೆಲಿನ ಮೆತ್ತನೆಯ ಹಾಸಿಗೆಯಲ್ಲಿ ದೊಡ್ಡಬಳ್ಳಾಪುರದ ಯಾರಿಗೂ ನಿದ್ದೆ ಹತ್ತಲಿಲ್ಲ. ಪವರ್‌ಲೂಮಿನ ಸದ್ದಿಲ್ಲದೆ ಮಲಗಿ ಅವರಿಗೆ ಅಭ್ಯಾಸವಿರಲಿಲ್ಲ. ಆ ಊರಿನಲ್ಲಿ ಜನಕ್ಕೆ ಎಚ್ಚರವಾಗುವುದು ಮಗ್ಗ ನಿಂತಾಗ. ಪ್ರವಾಸದ ಮೇಲ್ವಿಚಾರಣೆಗೆ ಬಂದಿದ್ದ ರಮ್ಯಶ್ರೀ ಎಂಬ ಹುಡುಗಿ, ಎಲ್ಲರ ಕೆಂಗಣ್ಣು ಕಂಡು, ನಾಲ್ಕನೆಯ ದಿನದ ಸಂಜೆ ಒಂದು ನೃತ್ಯ ನೋಡಿದರೆ ಮನಸ್ಸು ಹಗುರಾದೀತೆಂದು ಕಾಡಿನ ಅಂಚಿನ ಒಂದು ಹಳ್ಳಿಗೆ ಕರೆತಂದಳು. ಜೊತೆಗೆ ಆ ಊರಿನ ಗೈಡ್ ವಯಾನ್. ಆ ಹೆಸರು ಮುನಿತಾಯಮ್ಮನವರ ಬಾಯಲ್ಲಿ ಮೊದಲ ದಿನವೇ ನಾರಾಯಣ ಆಗಿತ್ತು. ಅವನೂ ಒಂದು ದಿನವೂ ತಿದ್ದದೆ, ನಾರಾಯಣ ಎಂದರೆ ಓಡಿ ಬರುತ್ತಿದ್ದ.

ದೇವಸ್ಥಾನದ ದಾರಿಯ ತುಂಬ ಮಂಗಗಳು. "ನೋಡಿದ್ರಾ? ವಾಲಿ ರಾಜ್ಯ ಅಂದಿದ್ದೆನೋ ಇಲ್ವೋ?" ಎಂದು ಅಪ್ಪಯ್ಯಣ್ಣ ಹಿಂದಿರುಗಿ ಎಲ್ಲರಿಗೂ ಹೇಳುವಷ್ಟರಲ್ಲಿ, ಮರದ ಕೊಂಬೆಯಿಂದ ಒಂದು ಕೈ ಇಳಿದು ಅವರ ಕನ್ನಡಕವನ್ನು ತೆಗೆದುಕೊಂಡು ಮೇಲೆ ಹೋಯಿತು.

ವಯಾನ್ ಬಾಳೆಹಣ್ಣು ತೋರಿಸಿ ಬೇಡಿಕೊಂಡ. ಮಂಗ ಬಾಳೆಹಣ್ಣನ್ನೂ ತೆಗೆದುಕೊಂಡಿತು, ಕನ್ನಡಕವನ್ನೂ ಇಟ್ಟುಕೊಂಡಿತು.

"ಅಕ್ಕಾ, ವಾಲಿ ಕಡೆಯವ್ರಿಗೆ ಗುರುತು ಸಿಕ್ಕಿದೆ ಅನ್ನು," ಎಂದ ಚಿಕ್ಕವೆಂಕಟಪ್ಪ. "ಸೇಬು ಹಾಕಿದ ಪುಣ್ಯಾತ್ಮ ಇವರೇ ಅಂತ."

ಕನ್ನಡಕವಿಲ್ಲದ ಅಪ್ಪಯ್ಯಣ್ಣನವರಿಗೆ ಜಗತ್ತು ನೀರಿನಲ್ಲಿ ನೆನೆದ ಚಿತ್ರದಂತಾಯಿತು. ದೇವಸ್ಥಾನದ ಬಾಗಿಲಲ್ಲಿ ಒಬ್ಬ ಮುದುಕಿ ಬಂದವರ ಸೊಂಟಕ್ಕೆಲ್ಲ ಬಟ್ಟೆ ಸುತ್ತಿ ಒಳಗೆ ಬಿಡುತ್ತಿದ್ದಳು. ಅಪ್ಪಯ್ಯಣ್ಣ ತಡವರಿಸುವುದನ್ನು ಕಂಡು ತಾನೇ ಎದ್ದು ಬಂದು ಗಂಟು ಹಾಕಿದಳು. ಅವರು ಅಭ್ಯಾಸಬಲದಿಂದ ಬಟ್ಟೆಯ ಅಂಚನ್ನು ಬೆರಳಲ್ಲಿ ಹೊಸೆದು, "ಕೈಮಗ್ಗದ್ದು," ಎಂದರು. ಮುದುಕಿಗೆ ಮಾತು ತಿಳಿಯಲಿಲ್ಲ, ಬೆರಳು ತಿಳಿಯಿತು. ನಕ್ಕು, ಮುನಿತಾಯಮ್ಮನವರ ಸೀರೆಯ ಸೆರಗನ್ನು ತಾನೂ ಹಾಗೆಯೇ ಹೊಸೆದು ನೋಡಿ ತಲೆದೂಗಿದಳು. ಆಮೇಲೆ ಅಪ್ಪಯ್ಯಣ್ಣನವರ ಕಣ್ಣನ್ನೂ ಮಂಗನಿದ್ದ ಮರವನ್ನೂ ತೋರಿಸಿ ವಯಾನ್‌ಗೆ ಏನೋ ಹೇಳಿದಳು. ಅಜ್ಜನಿಗೆ ಕಾಣುವುದಿಲ್ಲ, ಮುಂದಿನ ಸಾಲಿನಲ್ಲಿ ಕೂರಿಸು ಎಂದಳಂತೆ.

ಹೀಗೆ ಒಬ್ಬ ಪುಣ್ಯಾತ್ಮೆಯ ಕರುಣೆಯಿಂದ ಅಪ್ಪಯ್ಯಣ್ಣ, ಮುನಿತಾಯಮ್ಮ, ಚಿಕ್ಕವೆಂಕಟಪ್ಪ ಮೂವರೂ ಅಂಗಳದ ಅಂಚಿಗೇ, ಮುಂದಿನ ಸಾಲಿಗೆ ಬಂದರು. ರಮ್ಯಶ್ರೀ ಹಿಂದೆ ನಿಂತು, ಬಾಗಿಲಲ್ಲಿ ಕೊಟ್ಟ ಆಟದ ಚೀಟಿಯಲ್ಲಿದ್ದುದನ್ನು ಎಲ್ಲರಿಗೂ ಓದಿ ಹೇಳಿದಳು.

"ಇವತ್ತಿನ ಕೆಚಾಕ್ ನೃತ್ಯದ ಕಥೆ... ಸುಬಾಲಿ ಮತ್ತು ಸುಗ್ರೀವ. ಇಬ್ಬರು ಅಣ್ಣತಮ್ಮ ಮಂಗಗಳ ಯುದ್ಧ. ಗುರುತು ಸಿಗಲಿ ಅಂತ ಸುಗ್ರೀವನಿಗೆ ತೆಂಗಿನ ಎಳೆಗರಿಯ ಹಾರ ಹಾಕ್ತಾರಂತೆ. ಹೌ ಕ್ಯೂಟ್ ಅಲ್ವಾ?"

ದೊಡ್ಡಬಳ್ಳಾಪುರದ ಎರಡು ಸಾಲೂ ಅಪ್ಪಯ್ಯಣ್ಣನವರ ಬೆನ್ನು ನೋಡಿತು. ಹಿಂದಿನಿಂದ ದೇವೇಂದ್ರ, "ಅಯ್ಯಯ್ಯಪ್ಪಾ," ಎಂದ.

"ಬೇರೆ ಯಾವ ಆಟನೂ ಇಲ್ವೇನಮ್ಮ ಇವತ್ತು?" ಎಂದು ಮುನಿತಾಯಮ್ಮ ಅಳುವ ದನಿಯಲ್ಲಿ ಕೇಳಿದರು.

ಚಿಕ್ಕವೆಂಕಟಪ್ಪನ ಮುಖ ಕಲ್ಲಾಗಿತ್ತು. "ಅಕ್ಕಾ, ಸುಬಾಲಿ ಅಂದ್ರೆ ವಾಲಿ ತಾನೆ? ಹೇಳಿಬಿಡು ಅವರಿಗೆ. ಇವತ್ತು ಎದ್ರೆ ಅರ್ಪಿತನ ಮದುವೆ ದಿನ ನಾನು ಊರಲ್ಲೇ ಇರಲ್ಲ."

ಮುನಿತಾಯಮ್ಮ ಗಂಡನ ಕಡೆ ತಿರುಗಿದರು. "ಕೇಳಿಸ್ತಲ್ಲ? ಎರಡೂ ಕೈ ತೊಡೆ ಕೆಳಗೆ ಇಟ್ಕೊಂಡು ಕೂತ್ಕೊಳ್ಳಿ. ಭೂಕಂಪ ಆದ್ರೂ ಏಳಬೇಡಿ."

ಅಪ್ಪಯ್ಯಣ್ಣ ಹಾಗೆಯೇ ಮಾಡಿದರು. ಅರವತ್ತು ದಾಟಿದ, ಎಂಟು ಮಗ್ಗದ ಯಜಮಾನರಾದ ಒಬ್ಬ ಗೃಹಸ್ಥರು ಪರದೇಶದಲ್ಲಿ ತಮ್ಮ ಕೈಗಳ ಮೇಲೆ ತಾವೇ ಕುಳಿತಿದ್ದರು.

ಹೊತ್ತು ಮುಳುಗುತ್ತಿತ್ತು. ಅಂಗಳದ ನಡುವೆ ಮರದಂತೆ ಕವಲೊಡೆದ ದೀಪ. ಮೈಕಿಲ್ಲ, ಪರದೆಯಿಲ್ಲ, ಹಾರ್ಮೋನಿಯಂ ಇಲ್ಲ. ಪಾಪ, ಸಾಮಾನಿನ ಗಾಡಿ ಬರುವುದು ತಡವಾಗಿರಬೇಕೆಂದು ಅಪ್ಪಯ್ಯಣ್ಣ ಆ ಮಂಡಳಿಗಾಗಿ ಮರುಗಿದರು. ಅಷ್ಟರಲ್ಲಿ ಕಲ್ಲಿನ ಬಾಗಿಲಿನಿಂದ ಗಂಡಸರು ಬರತೊಡಗಿದರು. ಬರಿಮೈ, ಸೊಂಟಕ್ಕೆ ಕಪ್ಪು ಬಿಳಿ ಚೌಕಳಿಯ ಬಟ್ಟೆ, ಕಿವಿಯ ಮೇಲೆ ಕೆಂಪು ದಾಸವಾಳ. ಬರುತ್ತಲೇ ಇದ್ದರು. ದೀಪದ ಸುತ್ತ ಸುತ್ತುಸುತ್ತಾಗಿ ಕುಳಿತರು. ಅರ್ಚಕರೊಬ್ಬರು ಎಲ್ಲರ ಮೇಲೂ ತೀರ್ಥ ಚಿಮುಕಿಸಿದರು. ಒಂದು ಕ್ಷಣ ಎಲ್ಲ ಸ್ತಬ್ಧವಾಯಿತು. ಆಮೇಲೆ,

ಚಕ್. ಚಕ್ ಚಕ್. ಚಕಚಕ ಚಕಚಕ ಚಕ್.

ಅಪ್ಪಯ್ಯಣ್ಣನವರ ಬೆನ್ನು ನೆಟ್ಟಗಾಯಿತು. "ಮುನಿತಾಯೀ," ಎಂದರು ಮೆಲ್ಲಗೆ, "ಮಗ್ಗ ಕಣೇ."

ಮಗ್ಗವೇ. ಒಂದಲ್ಲ, ಇಡೀ ಬೀದಿಯ ಮಗ್ಗಗಳು ಒಮ್ಮೆಗೇ ಶುರುವಾದ ಸದ್ದು. ಆದರೆ ಕರೆಂಟಿಲ್ಲ, ಕಬ್ಬಿಣವಿಲ್ಲ, ಬರಿಯ ಗಂಟಲುಗಳು. ಒಂದು ಸಾಲು ಚಕ್ ಎಂದರೆ ಆ ಸದ್ದಿನ ಸಂದಿಯಲ್ಲಿ ಇನ್ನೊಂದು ಸಾಲು ಚಕ್ ಎನ್ನುತ್ತಿತ್ತು, ಹಾಸಿನ ಎಳೆಗಳೊಳಗೆ ಹೊಕ್ಕು ಬರುವ ಲಾಳಿಯ ಹಾಗೆ. ಕೈಗಳು ಒಟ್ಟಿಗೆ ಮೇಲೆದ್ದವು, ಬೆರಳುಗಳು ಉರಿಯಂತೆ ನಡುಗಿದವು, ಎಲ್ಲರೂ ಒಂದೇ ಮೈಯಾಗಿ ಹಿಂದಕ್ಕೆ ವಾಲಿದರು, ಗಾಳಿಗೆ ರಾಗಿಯ ಹೊಲ ವಾಲುವಂತೆ. ಅಪ್ಪಯ್ಯಣ್ಣನವರಿಗೆ ಮುಖಗಳು ಕಾಣುತ್ತಿರಲಿಲ್ಲ. ಮಬ್ಬಿನಲ್ಲಿ ಬೆಂಕಿ, ಕಪ್ಪು ಬಿಳಿ, ಕೆಂಪು ಚುಕ್ಕೆಗಳು, ಮತ್ತು ಆ ಸದ್ದು. ನಲವತ್ತು ವರ್ಷ ಕಿವಿಯ ಪಕ್ಕದಲ್ಲೇ ಇದ್ದ ಸದ್ದು ಇಷ್ಟು ದೊಡ್ಡದೆಂದು ಅವರಿಗೆ ಗೊತ್ತಿರಲಿಲ್ಲ. ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲು ಕೈಗಳು ತೊಡೆಯ ಕೆಳಗಿದ್ದವು.

ಮುನಿತಾಯಮ್ಮ ಕೈಮುಗಿದು ಕುಳಿತವರು ಹಾಗೆಯೇ ಇದ್ದರು. ಇಬ್ಬರು ಕಪಿವೀರರು ದೀಪದ ಬಳಿಗೆ ಜಿಗಿದು ಬಂದಾಗ, ಚಿಕ್ಕವೆಂಕಟಪ್ಪ ತನಗರಿವಿಲ್ಲದೆಯೇ ಹೆಗಲು ಸೆಟೆಸಿದ. ಅವನು ಕುಂದಾಣದಲ್ಲಿ ಹಾಕಿದ್ದ ಹೆಜ್ಜೆಯೂ ಅದೇ! ಇಬ್ಬರಿಗೂ ಒಂದೇ ಬಣ್ಣದ ಬಾಲ, ಒಂದೇ ಮುಖವಾಡ. ಮೊದಲ ಸುತ್ತು ಕಾಳಗವಾಯಿತು. ರಾಮ ಬಿಲ್ಲೆತ್ತಿ, ಗುರುತು ಸಿಗದೆ ಇಳಿಸಿದ. ಸುಗ್ರೀವನ ಕೊರಳಿಗೆ ಎಳೆಗರಿಯ ಹಾರ ಬಂತು. ಮತ್ತೆ ಕಾಳಗ. ಗಂಟಲುಗಳ ಮಗ್ಗ ಓಟಕ್ಕೆ ಬಿದ್ದಿತು.

ಆಗ ಆಗಬಾರದ್ದು ಆಯಿತು. ಹಿಡಿದಾಟದ ರಭಸಕ್ಕೆ ಸುಗ್ರೀವನ ಹಾರದ ಗಂಟು ಬಿಚ್ಚಿತು. ಅದು ಹಾರಿ ಬಂದು ಅಪ್ಪಯ್ಯಣ್ಣನವರ ಪಾದದ ಮೇಲೆ ಬಿತ್ತು.

ಅವರು ಅದನ್ನು ನೋಡಿದರು. ಹಳದಿಯಾಗಿ ಏನೋ ಇತ್ತು. ಕೈಗಳ ಮೇಲೆ ಇನ್ನಷ್ಟು ಭಾರ ಬಿಟ್ಟು ಕುಳಿತರು.

"ಅಕ್ಕಾ!" ಎಂದ ಚಿಕ್ಕವೆಂಕಟಪ್ಪ. "ಅಕ್ಕಾ, ಹಾರ ಬಿತ್ತು! ಹೇಳು!"

ಅಕ್ಕ ಇಲ್ಲಿರಲಿಲ್ಲ. ಅವರು ಕೈಮುಗಿದುಕೊಂಡು ಕಿಷ್ಕಿಂಧೆಯಲ್ಲಿದ್ದರು. ಅತ್ತ ರಾಮ ಬಾಣ ಹೂಡುತ್ತಿದ್ದ. ಇಬ್ಬರ ಕೊರಳೂ ಬರಿದು. ಇನ್ನೊಂದು ಕ್ಷಣ, ಮತ್ತೊಬ್ಬ ಸುಗ್ರೀವ ಸಾಯುತ್ತಾನೆ.

"ಭಾವಾ!"

ಆರು ವರ್ಷಗಳ ಮೇಲೆ ಆ ಮಾತು ಬಂತು, ಬಂದದ್ದು ಕೂಗಾಗಿ. "ಭಾವಾ, ಏಳ್ರಿ! ಹಾರ ತಗೊಳ್ರಿ! ಹಾಕ್ರಿ ಅವನಿಗೆ!"

"ಏಳಬಾರ್ದಲ್ಲಪ್ಪಾ?"

"ಅಯ್ಯೋ ಏಳ್ರೀ! ಕೊಂದ್ಬಿಡ್ತಾನೆ!"

ಅಪ್ಪಯ್ಯಣ್ಣ ಎದ್ದರು. ಜೋಮು ಹಿಡಿದ ಕೈಗಳಲ್ಲಿ ಹಾರ ಎತ್ತಿಕೊಂಡು ಆ ಮಬ್ಬಿನೊಳಗೆ ನಡೆದರು. "ಅಂಕಲ್! ಅಂಕಲ್!" ಎಂದು ರಮ್ಯಶ್ರೀ ಹಿಂದಿನಿಂದ ಚೀರಿದಳು. ಕುಳಿತಿದ್ದ ಗಂಡಸರು ಹಾಡು ನಿಲ್ಲಿಸಲಿಲ್ಲ. ಚಕ್ ಎನ್ನುತ್ತಲೇ ಈ ಕಡೆ ಅರ್ಧ, ಆ ಕಡೆ ಅರ್ಧ ಬಾಗಿ ದಾರಿ ಬಿಟ್ಟರು. ಒಬ್ಬ, ಅವರು ಎಡವದಿರಲೆಂದು ತನ್ನ ಕಾಲನ್ನು ಒಳಕ್ಕೆ ಎಳೆದುಕೊಂಡ. ನಡುವಿನಲ್ಲಿ ಎರಡು ಮಬ್ಬು ಮಂಗಗಳು ಸುತ್ತುತ್ತಿದ್ದವು.

"ಯಾರಪ್ಪಾ? ಯಾರಿಗೆ?" ಎಂದು ಅಪ್ಪಯ್ಯಣ್ಣ ಕೂಗಿದರು.

"ಬಲಗಡೆ! ಬಲಗಡೆಯವನು! ಹಾಕ್ರಿ ಭಾವಾ!"

ಹಾಕಿದರು.

ಮಗ್ಗ ನಿಂತಿತು. ಅಷ್ಟೂ ಗಂಟಲುಗಳು ಒಂದೇ ಸಲ ನಿಂತವು. ಆ ಮೌನದಲ್ಲಿ ದೇವೇಂದ್ರನ ದನಿ ಸ್ಪಷ್ಟವಾಗಿ ಕೇಳಿತು: "ಅಯ್ಯೋ, ಅದು ವಾಲಿ ಕಣ್ರೀ!"

ಇದು ಹೇಗಾಯಿತೆಂದರೆ, ಚಿಕ್ಕವೆಂಕಟಪ್ಪ ಬಲಗಡೆ ಎಂದಾಗ ಸುಗ್ರೀವ ಬಲಗಡೆಯೇ ಇದ್ದನೋ, ಕೂಗು ತಲುಪುವಷ್ಟರಲ್ಲಿ ಅವರಿಬ್ಬರೂ ಸುತ್ತಿ ಜಾಗ ಬದಲಿಸಿದ್ದರೋ, ಇಲ್ಲ ಅವನೇ ತಪ್ಪು ತಿಳಿದಿದ್ದನೋ, ಇಂದಿಗೂ ದೊಡ್ಡಬಳ್ಳಾಪುರದ ಟೀ ಅಂಗಡಿಯಲ್ಲಿ ತೀರ್ಮಾನವಾಗಿಲ್ಲ. ಆಗಿದ್ದು ಮಾತ್ರ ಇಷ್ಟು. ಇಡೀ ಭೂಮಂಡಲದಲ್ಲಿ ವಾಲಿಯ ಕೊರಳಿಗೆ ಎರಡು ಸಲ ಹಾರ ಹಾಕಿದ ಏಕೈಕ ವ್ಯಕ್ತಿ ಅಪ್ಪಯ್ಯಣ್ಣ ಆಗಿಬಿಟ್ಟರು.

ರಾಮನ ಬಿಲ್ಲು ಎತ್ತಿದಂತೆ ನಿಂತಿತ್ತು. ಅಪ್ಪಯ್ಯಣ್ಣನವರಿಗೆ ಕುಂದಾಣದ ಆ ವೇದಿಕೆ, ಬಿದ್ದ ಭಾಮೈದ, ಕೋಣೆಯ ಬಾಗಿಲು ಹಾಕಿಕೊಂಡ ಮಗಳು ಎಲ್ಲರೂ ಒಟ್ಟಿಗೆ ನೆನಪಾದರು. ಅಳು ಬಂತು. ಕೈಮುಗಿದು, ಎದುರಿಗಿದ್ದ ಮಬ್ಬಿಗೆ, "ತಪ್ಪಾಯ್ತಪ್ಪಾ," ಎಂದರು.

ವಾಲಿ ತನ್ನ ಕೊರಳಿನ ಹಾರ ನೋಡಿಕೊಂಡ. ಮುದುಕರ ಮುಖ ನೋಡಿದ. ಮುಖವಾಡದ ಹಿಂದೆ ಏನು ಯೋಚಿಸಿದನೋ, ಅವರ ಹೆಗಲ ಮೇಲೆ ಮೆಲ್ಲಗೆ ಕೈಯಿಟ್ಟು, ಹಾಡುವವರ ನಡುವೆ ನೆಲದ ಮೇಲೆ ಕೂರಿಸಿದ. ಆಮೇಲೆ ನಿಧಾನವಾಗಿ ಎರಡು ಹೆಜ್ಜೆ ಕುಣಿದ. ತನ್ನ ಹಾರವನ್ನು ತಾನೇ ತೆಗೆದ. ಅದನ್ನು ಎರಡೂ ಕೈಯಲ್ಲಿ ಹಿಡಿದು ದೀಪವನ್ನು ಒಂದು ಸುತ್ತು ಬಂದು, ಬೆಪ್ಪಾಗಿ ನಿಂತಿದ್ದ ತಮ್ಮನ ಕೊರಳಿಗೆ ಹಾಕಿದ.

ಹಾರ ಯಾರ ಕೊರಳಲ್ಲಿ ಇಲ್ಲವೋ ಅವನಿಗೆ ಬಾಣ. ಅದು ಅಲ್ಲಿ ಕೂತ ಎಲ್ಲರಿಗೂ ಗೊತ್ತಿತ್ತು, ವಾಲಿಗೂ ಗೊತ್ತಿತ್ತು. ಸುಗ್ರೀವ ಒಂದು ಗಳಿಗೆ ಆಟ ಮರೆತವನಂತೆ ನಿಂತು, ಅಣ್ಣನ ಕಾಲಿಗೆ ಬಿದ್ದ. ಅಣ್ಣ ಅವನನ್ನು ಎತ್ತಿ, ಬಿಡಿಸಿಕೊಂಡು, ರಾಮನ ಕಡೆ ತಿರುಗಿ ಎದೆ ತೆರೆದು ನಿಂತ.

ಆಗ ಆ ಗಂಟಲುಗಳೆಲ್ಲ ಒಮ್ಮೆಗೇ ಭೋರೆಂದವು. ನೆಲ ನಡುಗಿತು. ಪಕ್ಕದಲ್ಲಿ ಕೂತವನು ತನ್ನ ಕಿವಿಯ ದಾಸವಾಳವನ್ನು ತೆಗೆದು ಅಪ್ಪಯ್ಯಣ್ಣನವರ ಕಿವಿಗೆ ಸಿಕ್ಕಿಸಿ, ಅವರ ಮೊಣಕೈ ಹಿಡಿದು ಮೇಲೆತ್ತಿದ. ಅಪ್ಪಯ್ಯಣ್ಣ ಎರಡೂ ಕೈ ಎತ್ತಿ, ಅಳುತ್ತಲೇ, ಚಕ್ ಚಕ್ ಚಕ್ ಎಂದರು. ತಾಳ ಒಂದೂ ತಪ್ಪಲಿಲ್ಲ. ನಲವತ್ತು ವರ್ಷದ ಅಭ್ಯಾಸವಿತ್ತು.

ಬಾಣ ಬಂತು. ವಾಲಿ ಬಿದ್ದ. ಸುಗ್ರೀವ ಅಣ್ಣನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ. ಕೊನೆಗೆ ಅವನ ತಲೆಗೆ ಕಿರೀಟ ಏರಿದಾಗ, ಮುಂದಿನ ಸಾಲಿನಲ್ಲಿ ಚಿಕ್ಕವೆಂಕಟಪ್ಪ ಎದ್ದು ನಿಂತುಬಿಟ್ಟಿದ್ದ, ಕಿರೀಟ ತನ್ನ ತಲೆಗೇ ಏರುತ್ತಿದೆಯೇನೋ ಎಂಬಂತೆ ಕತ್ತು ನೆಟ್ಟಗೆ ಮಾಡಿಕೊಂಡು.

ಆಟ ಮುಗಿದ ಮೇಲೆ ರಮ್ಯಶ್ರೀ ಎಲ್ಲರ ಪರವಾಗಿ ಕ್ಷಮೆ ಕೇಳಲು ಓಡಿದಳು. ಅವಳಿಗಿಂತ ಮುಂಚೆ ಮಂಡಳಿಯ ಹಿರಿಯರೇ ವಯಾನ್‌ನನ್ನು ಕರೆದುಕೊಂಡು ಬಂದರು. ದೊಡ್ಡಬಳ್ಳಾಪುರದವರು ಒಬ್ಬರ ಹಿಂದೆ ಒಬ್ಬರು ಸರಿದರು. ಪೊಲೀಸಿಗೆ ಕೊಡುತ್ತಾರೆಂದು ದೇವೇಂದ್ರನ ಅಭಿಪ್ರಾಯ.

ವಯಾನ್ ಹೇಳಿದ್ದನ್ನು ರಮ್ಯಶ್ರೀ ಕನ್ನಡ ಮಾಡಿದಳು. "ಅಂಕಲ್, ಅವರ ತಾತನ ಕಾಲದಿಂದ ಈ ಕಥೆ ಆಡ್ತಿದ್ದಾರಂತೆ. ವಾಲಿ ಹೀಗೆ ಯಾವತ್ತೂ ಮಾಡಿರಲಿಲ್ವಂತೆ. ತುಂಬಾ ಚೆನ್ನಾಗಿತ್ತು, ಇನ್ಮೇಲೆ ಇದನ್ನ ಹೀಗೇ ಇಟ್ಕೊಳ್ಳಬಹುದಾ ಅಂತ ಕೇಳ್ತಿದ್ದಾರೆ... ನಿಮ್ಮ ಪರ್ಮಿಷನ್."

ಅಪ್ಪಯ್ಯಣ್ಣ ಕಿವಿಯ ಮೇಲಿನ ದಾಸವಾಳ ಸರಿಮಾಡಿಕೊಂಡರು. ಬದುಕಿನಲ್ಲಿ ಮೊದಲ ಬಾರಿಗೆ ಅವರು ಒಂದು ವಿಷಯ ತಮಗೆ ತಿಳಿಯದೆಂದು ಒಪ್ಪಿಕೊಂಡರು.

"ನಂಗೆ ಇದೆಲ್ಲ ಗೊತ್ತಾಗಲ್ಲಮ್ಮ. ಸುಗ್ರೀವನ ವಿಷಯ ನಮ್ಮ ಭಾಮೈದನ್ನ ಕೇಳಬೇಕು."

ಎಲ್ಲರೂ ಚಿಕ್ಕವೆಂಕಟಪ್ಪನ ಕಡೆ ನೋಡಿದರು. ಅವನು ಅಭ್ಯಾಸದಿಂದ, "ಅಕ್ಕಾ, ಹೇಳು..." ಎಂದು ಶುರುಮಾಡಿದ. ನಿಲ್ಲಿಸಿದ. ನೇರ ವಯಾನ್‌ನನ್ನೇ ನೋಡಿದ.

"ಇಟ್ಕೊಳ್ಳಲಿ ಅನ್ನಪ್ಪ ನಾರಾಯಣ," ಎಂದ. ಆಮೇಲೆ ಭಾವನ ಕಡೆ ತಿರುಗಿ, "ಬಲಗಡೆ ಅಂದಿದ್ದು ನಾನು ಭಾವ. ನನ್ನ ಕಣ್ಣು ನೆಟ್ಟಗಿದೆ, ಮುಂದಿನ ಸಾಲಿನಲ್ಲಿ ಕೂತಿದ್ದೆ. ಸುಗ್ರೀವ ಆಡಿದ ನಂಗೇ ಸುಗ್ರೀವ ಯಾರು ಅಂತ ಗೊತ್ತಾಗ್ಲಿಲ್ಲ. ಅಂಥಾದ್ರಲ್ಲಿ ನಿಮ್ಮನ್ನ..." ಎಂದವನು ಅವರ ಕೈ ಹಿಡಿದುಕೊಂಡ. "ನಡೀರಿ, ಕತ್ತಲೆ. ಮೆಟ್ಟಿಲಿದೆ. ನಿಮಗೆ ಕಾಣಲ್ಲ."

ಕೈ ಹಿಡಿದೇ ಮೆಟ್ಟಿಲಿಳಿಸಿದ. ಮುನಿತಾಯಮ್ಮ ಹಿಂದೆ ಬರುತ್ತ, ಬಾಗಿಲಿನ ಮುದುಕಿಗೆ ತಮ್ಮ ಮೈಮೇಲಿನ ರೇಷ್ಮೆ ಶಾಲನ್ನು ತೆಗೆದು ಹೊದಿಸಿ ಬಂದರು.

ಬಸ್ಸಿನಲ್ಲಿ ಚಿಕ್ಕವೆಂಕಟಪ್ಪ, ಆರು ವರ್ಷದಿಂದ ಗಂಟಲಲ್ಲೇ ಉಳಿದಿದ್ದ ಪಟ್ಟಾಭಿಷೇಕದ ಹಾಡುಗಳನ್ನು ಒಂದೂ ಬಿಡದೆ ಹಾಡಿದ. ಅಪ್ಪಯ್ಯಣ್ಣ ಚಕ್ ಚಕ್ ಎಂದು ತಾಳ ಹಾಕಿದರು. ಆ ಸದ್ದಿಗೆ ಮಗ್ಗದವರೆಲ್ಲ, ಬಾಲಿಗೆ ಬಂದ ಮೇಲೆ ಮೊದಲ ಸಲ, ಕೂತಲ್ಲೇ ಗೊರಕೆ ಹೊಡೆದರು.

ಅರ್ಪಿತಳ ಮದುವೆ ದೊಡ್ಡಬಳ್ಳಾಪುರದಲ್ಲೇ ನಡೆಯಿತು. ಸೋದರಮಾವ ಬೆಳಗಿನ ಜಾವಕ್ಕೇ ತನ್ನ ತೋಟದ ಹೂವನ್ನೆಲ್ಲ ತುಂಬಿಕೊಂಡು ಬಂದು, ಹುಡುಗಿಯ ಕೈ ಹಿಡಿದು ಹಸೆಗೆ ಕರೆತಂದ. ಇನ್ನು ಬೀಗರಿಗೆ ಹಾರ ಹಾಕುವ ಶಾಸ್ತ್ರ. ಗಂಡಿನ ತಂದೆಯೂ ಚಿಕ್ಕಪ್ಪನೂ ಅಕ್ಕಪಕ್ಕ ನಿಂತಿದ್ದರು. ಒಂದೇ ಎತ್ತರ, ಒಂದೇ ಮೀಸೆ, ಒಂದೇ ಬಣ್ಣದ ಪೇಟ. ಅಪ್ಪಯ್ಯಣ್ಣ ಹಾರ ಹಿಡಿದು ಹೆಜ್ಜೆ ಮುಂದಿಟ್ಟದ್ದನ್ನು ಕಂಡು ಮುನಿತಾಯಮ್ಮ ಓಡಿಬಂದು ಹಾರಕ್ಕೆ ಕೈಹಾಕಿದರು.

"ಬಿಡಕ್ಕಾ," ಎಂದ ಚಿಕ್ಕವೆಂಕಟಪ್ಪ. "ಭಾವನೇ ಹಾಕ್ಲಿ. ತಪ್ಪಾದ್ರೆ ಅವ್ರೇ ತೆಗೆದು ಪಕ್ಕದವ್ರಿಗೆ ಹಾಕ್ತಾರೆ."

ಅಪ್ಪಯ್ಯಣ್ಣ, ಹೊಸ ಕನ್ನಡಕವನ್ನು ಮೂಗಿನ ಮೇಲೆ ಭದ್ರಮಾಡಿಕೊಂಡು, ಚೆನ್ನಾಗಿ ನೋಡಿ, ಚಿಕ್ಕಪ್ಪನಿಗೆ ಹಾಕಿದರು.

ಚಿಕ್ಕಪ್ಪ ನಕ್ಕು, ಹಾರ ತೆಗೆದು ಅಣ್ಣನ ಕೊರಳಿಗೆ ಹಾಕಿ, ಅವರ ಕಾಲಿಗೆ ನಮಸ್ಕಾರ ಮಾಡಿದರು. ಛತ್ರದ ಹಿಂದಿನ ಸಾಲಿನಲ್ಲಿ ಮಗ್ಗದವರೊಬ್ಬರು ಮೆಲ್ಲಗೆ, "ಚಕ್," ಎಂದರು.